ಇಡೀ ಕಣಿವೆಗೆ ಟೋಪಿ

ಶನಿವಾರ ಬೆಳಿಗ್ಗೆ ಒಲೆಯ ಮೇಲೆ ಹಳ್ಳದ ಸೊಪ್ಪಿನ ಸಾರು ಕುದಿಯುತ್ತಿತ್ತು. ಉಪ್ಪು ಸಾಕೇ ಎಂದು ನೋಡಲು ನಾನು ಪಾತ್ರೆಯ ಮೇಲೆ ಬಗ್ಗಿದೆ. ಅಂಗಿಯ ಜೇಬಿನಲ್ಲಿದ್ದ ಫೋನು ನನಗಿಂತ ಮೊದಲೇ ರುಚಿ ನೋಡಲು ಇಳಿದುಬಿಟ್ಟಿತು!

ಸೌಟಿನಲ್ಲಿ ಎತ್ತುವಷ್ಟರಲ್ಲಿ ಅದು ಒಮ್ಮೆ ನಡುಗಿ, ಒಂದು ಗುಳ್ಳೆ ಬಿಟ್ಟು, ತೆಪ್ಪಗಾಯಿತು. ಮೈತುಂಬ ಸೊಪ್ಪು. ಚಾರ್ಜರ್ ಚುಚ್ಚುವ ತೂತಿನಲ್ಲಿ ಕಾಳಿನ ಸಿಪ್ಪೆ.

"ಹೋಯ್ತು," ಎಂದೆ.

"ಯಾವುದು? ಸಾರಾ, ಫೋನಾ?" ಎಂದಳು ಹೆಂಡತಿ ಇದೈರಾ, ಬೂಟಿನ ದಾರ ಕಟ್ಟಿಕೊಳ್ಳುತ್ತ. ತಲೆ ಕೂಡ ಎತ್ತಲಿಲ್ಲ.

"ಫೋನು."

"ಸದ್ಯ! ಸಾರಾಗಿದ್ರೆ ಮತ್ತೆ ಮಾಡೋಕೆ ಟೈಮಿರಲಿಲ್ಲ."

ಆ ಕ್ಷಣದಲ್ಲಿ ನನ್ನೊಳಗಿನ ವೀರಪುರುಷ ಎದ್ದು ನಿಂತ. ಸೌಟನ್ನು ಖಡ್ಗದಂತೆ ಮೇಲೆತ್ತಿ ಘೋಷಿಸಿದೆ: "ಇವತ್ತಿನಿಂದ ನನಗೆ ಫೋನೇ ಬೇಡ! ಗೊಮೆರಾ ದ್ವೀಪದಲ್ಲಿ ಹುಟ್ಟಿದವನಿಗೆ ಫೋನು ಯಾಕೆ? ನಮ್ಮ ಹಿರಿಯರು ಕಣಿವೆಯ ಈ ದಂಡೆಯಿಂದ ಆ ದಂಡೆಗೆ ಸಿಳ್ಳೆಯಲ್ಲೇ ಹೆಣ್ಣು ಕೇಳಿದ್ರು, ಸಿಳ್ಳೆಯಲ್ಲೇ ಜಗಳ ಆಡಿದ್ರು, ಸಿಳ್ಳೆಯಲ್ಲೇ ಸತ್ತ ಸುದ್ದಿ ಕಳಿಸಿದ್ರು. ನಾನೂ ಹಾಗೇ. ಇನ್ನು ಮೇಲೆ ನನ್ನದು ಬರೀ ಸಿಳ್ಳೆ!"

ಇದೈರಾ ಈಗ ತಲೆ ಎತ್ತಿದಳು. ಅವಳು ಊರಿನ ಶಾಲೆಯಲ್ಲಿ ಮಕ್ಕಳಿಗೆ ಸಿಳ್ಳೆ ಮಾತು ಕಲಿಸುವ ಟೀಚರು. ಕಣಿವೆಯಲ್ಲೇ ಹುಟ್ಟಿ ಬೆಳೆದವಳು. ಆಡುವ ಮಾತಿನ ಒಂದೊಂದು ಅಕ್ಷರವನ್ನೂ ಸಿಳ್ಳೆಗೆ ಇಳಿಸಬಲ್ಲಳು, ಆಚೆ ಗುಡ್ಡದವರು ಹೊಡೆದದ್ದನ್ನು ಪಾತ್ರೆ ತೊಳೆಯುತ್ತಲೇ ಕೇಳಿಸಿಕೊಳ್ಳಬಲ್ಲಳು. ನಾನು ಬಂದರು ಪಟ್ಟಣದವನು. ಮನೆಗೆ ಫೋನು ಬಂತು, ಸಿಳ್ಳೆ ಯಾಕೆ ಎಂದುಕೊಂಡ ಕಾಲದ ಮಗು. ಮದುವೆಯಾಗಿ ಈ ಕಣಿವೆಗೆ ಮನೆ ಅಳಿಯನಾಗಿ ಬಂದ ಮೇಲೆ ಅವಳಿಂದ ಸಿಳ್ಳೆ ಹೊಡೆಯುವುದನ್ನು ಕಲಿತೆ. ಕೇಳಿಸಿಕೊಳ್ಳುವುದನ್ನು ಕಲಿಯಲಿಲ್ಲ. ಗಂಡಸರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಿಸಲಿಕ್ಕಿಲ್ಲ.

"ಚಾನೊ," ಎಂದಳು ಇದೈರಾ ಮೃದುವಾಗಿ, "ನಿನ್ನ ಸಿಳ್ಳೆ ಕುಕ್ಕರ್ ಸಿಳ್ಳೆ ಥರ. ಏನೋ ಬೆಂದಿದೆ ಅಂತ ಗೊತ್ತಾಗುತ್ತೆ. ಏನು ಅಂತ ಗೊತ್ತಾಗಲ್ಲ."

"ಅಸೂಯೆ!"

"ಒಂದು ಮಾತು ನೆನಪಿಟ್ಕೋ. ಸಿಳ್ಳೆಗೆ ನಾಲಿಗೆ ಇಲ್ಲ. ಬಾಯಲ್ಲಿ ಬೇರೆ ಬೇರೆ ಇರೋ ಮಾತು ಸಿಳ್ಳೆಯಲ್ಲಿ ಒಂದೇ ಆಗಿಬಿಡುತ್ತೆ. ಅದಕ್ಕೇ ನಾವು ಬಿಡಿಸಿ ಬಿಡಿಸಿ ಹೇಳ್ತೀವಿ. ಒಂದು ಮಾತಿನ ಕೆಲಸಕ್ಕೆ ನಾಲ್ಕು ಮಾತು."

"ನಾಲ್ಕು ಮಾತು ನೀನಾಡು. ನನಗೆ ಒಂದು ಸಾಕು!"

ಅಷ್ಟರಲ್ಲಿ ಅಂಗಳದಿಂದ ಅತ್ತೆಯ ಧ್ವನಿ ಕೇಳಿತು. ಅತ್ತೆ ಎಂದರೆ ಡೊಮಿತಿಲಾ. ಮಾವ ತೀರಿಕೊಂಡು ಬಹಳ ವರ್ಷವಾಗಿದೆ. ಆದರೂ ಮನೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆಲೂಗಡ್ಡೆಯ ಹೊಲ, ನಾನು, ಎಲ್ಲವೂ ಅವರ ಹಿಡಿತದಲ್ಲೇ ಇವೆ. "ಸೆರ್ವಾಂದೊ, ಬೇಗ ಕುಡಿ! ಬಸ್ಸು ನಿನ್ನ ಕಾಫಿಗೆ ಕಾಯಲ್ಲ. ಪಟ್ಟಣದಲ್ಲಿ ನನ್ನ ಕನ್ನಡಕ ಕಾಯ್ತಿದೆ."

"ಬಿಸಿ ಇದೆ ಮಾರಾಯ್ತಿ."

"ಊದು. ಊದೋದು ನಿನಗೆ ಹೇಳಿಕೊಡ್ಬೇಕಾ?"

ಚೋ ಸೆರ್ವಾಂದೊ ಆಚೆ ದಂಡೆಯ ಆಡು ಸಾಕುವವರು. ಮದುವೆಯಾದವರಲ್ಲ. ದಿನಾ ಬೆಳಿಗ್ಗೆ ಕಣಿವೆ ಇಳಿದು ಹತ್ತಿ, ಒಂದು ಉಂಡೆ ಆಡಿನ ಚೀಸು ತಂದು, ಅತ್ತೆಯ ಅಂಗಳದ ಬೆಂಚಿನ ಒಂದು ತುದಿಯಲ್ಲಿ ಕೂರುತ್ತಾರೆ. ಇನ್ನೊಂದು ತುದಿಯಲ್ಲಿ ಅತ್ತೆ. ನಡುವೆ ಕಾಫಿಯ ತಟ್ಟೆ. ಇಬ್ಬರೂ ಮೋಡದ ವಿಷಯಕ್ಕೆ ಜಗಳವಾಡುತ್ತಾರೆ. ಮಳೆ ಬರುತ್ತದೆ ಎಂದು ಅತ್ತೆ, ಬರುವುದಿಲ್ಲ ಎಂದು ಇವರು. ಕಾಫಿ ಮುಗಿದರೆ ಜಗಳವೂ ಮುಗಿಯಿತು. ಹಿರಿಯರಾದ್ದರಿಂದ ಊರೆಲ್ಲ ಅವರನ್ನು 'ಚೋ' ಸೇರಿಸಿ ಕರೆಯುತ್ತದೆ. ಅತ್ತೆ ಮಾತ್ರ ಸೇರಿಸುವುದಿಲ್ಲ.

ಆ ದಿನ ಅತ್ತೆಯ ಅವಸರಕ್ಕೆ ಸಿಕ್ಕಿ ಅವರು ನಾಲಿಗೆ ಸುಟ್ಟುಕೊಂಡು ಓಡಿದರು. ಅತ್ತೆ ಮತ್ತು ಇದೈರಾ ಬಸ್ಸು ಹಿಡಿದು ಬಂದರಿಗೆ ಹೋದರು. ಮನೆಯಲ್ಲಿ ಉಳಿದದ್ದು ನಾನು, ಸಾರು, ಮತ್ತು ಬೆಂಚಿನ ಮೇಲೆ ಚೋ ಸೆರ್ವಾಂದೊ ಮರೆತುಹೋದ ಟೋಪಿ.

ಹೊರಗೆ ಬಿಸಿಲು ಚುರುಗುಡುತ್ತಿತ್ತು. ಅವರದು ಪೂರ್ತಿ ಬೋಡುತಲೆ. ಆಚೆ ದಂಡೆಯಲ್ಲಿ ಆಡುಗಳ ಮಧ್ಯೆ ಆ ತಲೆ ದೀಪದಂತೆ ಹೊಳೆಯುವುದು ಇಲ್ಲಿಂದಲೇ ಕಾಣುತ್ತಿತ್ತು. ಅಯ್ಯೋ ಪಾಪ, ಎಂದುಕೊಂಡೆ. ಇಂಥ ಸತ್ಕಾರ್ಯಕ್ಕೇ ಅಲ್ಲವೇ ಪೂರ್ವಜರು ಸಿಳ್ಳೆ ಕಂಡುಹಿಡಿದದ್ದು! ಅಂಗಳದ ಅಂಚಿಗೆ ಹೋಗಿ ನಿಂತೆ. ಎದೆ ಉಬ್ಬಿಸಿದೆ. ಬೆರಳಿನ ಗೆಣ್ಣು ಬಾಯಿಗಿಟ್ಟು, ಇನ್ನೊಂದು ಕೈ ಬಟ್ಟಲು ಮಾಡಿ, ಹೊಡೆದೆ:

"ಸೆರ್ವಾಂದೊ! ಟೋಪಿ ಡೊಮಿತಿಲಾ ಮನೇಲಿದೆ!"

ಸಿಳ್ಳೆ ಕಣಿವೆಗೆ ಹಾರಿ, ಎದುರಿನ ಬಂಡೆಗೆ ತಾಗಿ, ಕೆಳಗಿನ ತಾಳೆಮರಗಳವರೆಗೆ ಉರುಳಿತು. ನನಗೇ ರೋಮಾಂಚನವಾಯಿತು. ಆಮೇಲೆ ಆಚೆಯಿಂದ ಚಿಕ್ಕದೊಂದು ಸಿಳ್ಳೆ: "ಯಾರದು?"

ಇಷ್ಟು ನನಗೂ ಅರ್ಥವಾಯಿತು. ಎಂಥ ಪ್ರಶ್ನೆ! ತಲೆ ಸುಡುತ್ತಿರುವವರಿಗೆ ಯಾರ ಟೋಪಿ ಎಂಬ ಅನುಮಾನವೇ? "ಸೆರ್ವಾಂದೊದು!" ಎಂದು ಹೊಡೆದೆ.

ಆಚೆಯಿಂದ ಮತ್ತೊಂದು: "ಯಾವಾಗ?"

ಯಾವಾಗ ಬರಲಿ ಎಂದು ಕೇಳುತ್ತಿದ್ದಾರೆ, ಆಡುಗಳನ್ನು ಬಿಟ್ಟು ಈಗಲೇ ಬರಲಾಗದು ಪಾಪ, ಎಂದುಕೊಂಡೆ. "ಇವತ್ತು ಸಂಜೆ! ಬನ್ನಿ!"

ಹಿರಿಯರಿಗೆ 'ಬಾ' ಎನ್ನಲಾದೀತೇ? ಗೌರವಕ್ಕೆಂದು 'ಬನ್ನಿ' ಎಂದೆ. ಕಣಿವೆ ಅದನ್ನು ಬಹುವಚನವೆಂದು ತೆಗೆದುಕೊಂಡಿತು.

ಆಮೇಲೆ ನಡೆದದ್ದು ನನ್ನ ಜೀವನದ ಅತ್ಯಂತ ಹೆಮ್ಮೆಯ ಅರ್ಧ ಗಂಟೆ. ಕೆಳಗಿನ ರಸ್ತೆಯಿಂದ ಒಂದು ಸಿಳ್ಳೆ. ಮೇಲಿನ ತೋಟದಿಂದ ಇನ್ನೊಂದು. ತಿರುವಿನಾಚೆಯಿಂದ ಮೂರನೆಯದು. ಏನು ಹೇಳುತ್ತಿದ್ದಾರೆಂದು ಒಂದಕ್ಷರ ತಿಳಿಯದಿದ್ದರೂ ಧಾಟಿ ಸಂತೋಷದ್ದು ಎಂದು ತಿಳಿಯಿತು. ಪಟ್ಟಣದ ಅಳಿಯ ಕೊನೆಗೂ ಸಿಳ್ಳೆ ಹೊಡೆದ ಎಂದು ಕಣಿವೆಯೇ ನಲಿಯುತ್ತಿದೆ! ನಾನು ಎರಡೂ ಕೈ ಎತ್ತಿ ಆಚೀಚೆ ಬೀಸಿ ಅಭಿನಂದನೆ ಸ್ವೀಕರಿಸಿದೆ.

ಮಧ್ಯಾಹ್ನದ ನಿದ್ದೆ ಮುಗಿಸಿ ಏಳುವಷ್ಟರಲ್ಲಿ ಬಾಗಿಲಲ್ಲಿ ಎವೆಲಿಯೊ ನಿಂತಿದ್ದ. ರಸ್ತೆ ಮುಗಿಯುವಲ್ಲಿ ಬಾರ್ ಇಟ್ಟಿರುವವನು. ಒಂದು ಹೆಗಲ ಮೇಲೆ ವೈನಿನ ಪೀಪಾಯಿ, ಇನ್ನೊಂದರ ಮೇಲೆ ಬ್ಯಾಂಡಿನ ಡೋಲು. ಬಂದವನೇ ನನ್ನನ್ನು ತಬ್ಬಿಕೊಂಡ. ಪೀಪಾಯಿಯೂ ತಬ್ಬಿಕೊಂಡಿತು.

"ಕಳ್ಳ! ಬಾಯೇ ಬಿಡಲಿಲ್ಲವಲ್ಲೋ! ದಿನಾ ನನ್ನ ಬಾರಲ್ಲಿ ಕೂತು ದೇಶದ ಸುದ್ದಿಯೆಲ್ಲ ಮಾತಾಡ್ತೀಯ, ಮನೆ ಸುದ್ದಿ ಮುಚ್ಚಿಟ್ಟಿದ್ದೀಯ!"

"ಯಾವ ಸುದ್ದಿ?"

"ಅತ್ತೆ ಮದುವೆ!"

"ಯಾರ ಅತ್ತೆ?"

"ನಿನ್ನತ್ತೆ ಕಣೋ! ಚೋ ಸೆರ್ವಾಂದೊ ಜೊತೆ, ಇವತ್ತು ಸಂಜೆ, ನಿಮ್ಮನೇಲಿ, ಎಲ್ಲರೂ ಬನ್ನಿ ಅಂತ ನೀನೇ ತಾನೆ ಬೆಳಿಗ್ಗೆ ಹೊಡೆದದ್ದು? ನಾನೇ ಮೇಲಿನ ಊರಿಗೂ ದಾಟಿಸಿದೆ."

ಕಾಲ ಕೆಳಗಿನ ಕಲ್ಲು ಚಪ್ಪಡಿ ಸ್ವಲ್ಪ ಕದಲಿತು. ನಮ್ಮ ಮಾತಿನಲ್ಲಿ ಟೋಪಿಗೆ 'ಗೊರ್ರಾ', ಮದುವೆಗೆ 'ಬೋದಾ'. ಬಾಯಲ್ಲಿ ಹೇಳಿದರೆ ಆಕಾಶಕ್ಕೂ ಭೂಮಿಗೂ ಇರುವಷ್ಟು ಅಂತರ. ಸಿಳ್ಳೆಯಲ್ಲಿ ಎರಡೂ ಒಂದೇ! ಅದೇ ಏರು, ಅದೇ ಇಳಿತ. ಬಲ್ಲವರು 'ತಲೆ ಮೇಲೆ ಇಡುವ ಟೋಪಿ' ಎಂದು ಬಿಡಿಸಿ ಹೊಡೆಯುತ್ತಾರೆ. ನನಗೋ, ಒಂದೇ ಮಾತು ಸಾಕಾಗಿತ್ತು.

ಈಗಲೂ ಕಾಲ ಮಿಂಚಿಲ್ಲ, ಎಂದುಕೊಂಡು ಅಂಗಳದ ಅಂಚಿಗೆ ಓಡಿದೆ. ಎವೆಲಿಯೊ "ಏನೋ, ಏನೋ" ಎನ್ನುವಷ್ಟರಲ್ಲಿ ಇದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ತಿದ್ದುಪಡಿ ಹೊಡೆದೆ:

"ಮದುವೆ ಅಲ್ಲ! ಟೋಪಿ!"

ಕಣಿವೆ ಒಂದು ಗಳಿಗೆ ಯೋಚಿಸಿತು. ಕಣಿವೆಗೆ ಕೇಳಿಸಿದ್ದು, "ಮದುವೆ ಅಲ್ಲ! ಮದುವೆ!"

ಎವೆಲಿಯೊ ಹಣೆಗೆ ಕೈ ಹಚ್ಚಿಕೊಂಡ. "ಅಂದ್ರೆ ಸಣ್ಣ ಪುಟ್ಟ ಮದುವೆ ಅಲ್ಲ ಅಂತಲಾ? ಭರ್ಜರಿ ಮದುವೆ ಅಂತಲಾ? ಮೊದಲೇ ಹೇಳೋದಲ್ವಾ! ಒಂದು ಪೀಪಾಯಿ ಯಾವ ಮೂಲೆಗೆ ಸಾಲುತ್ತೆ?" ಎಂದು ಇನ್ನೊಂದು ತರಲು ಓಡಿಹೋದ.

ಸಂಜೆಯ ಬಸ್ಸು ತಿರುವಿಗೆ ಬರುವ ಹೊತ್ತಿಗೆ ನಮ್ಮ ಅಂಗಳ ಜಾತ್ರೆಯಾಗಿತ್ತು. ಉಪ್ಪಿನಲ್ಲಿ ಬೇಯಿಸಿದ ಆಲೂಗಡ್ಡೆಯ ಗುಡ್ಡ. ಕೆಂಪು ಮೆಣಸಿನ ಚಟ್ನಿ. ಹಳೆ ಚೀಸು ಅರೆದ ಗೊಜ್ಜು. ತಾಳೆಬೆಲ್ಲದ ಪಾಕ. ಯಾರೋ ಮರದ ಚಿಟಿಕೆ ಬಾರಿಸುತ್ತಿದ್ದರು, ಯಾರೋ ಡೋಲು ಬಿಗಿಯುತ್ತಿದ್ದರು. "ಇಲ್ಲ, ಮದುವೆ ಇಲ್ಲ," ಎಂದು ನಾನು ಒಬ್ಬೊಬ್ಬರ ಕಿವಿಯಲ್ಲೂ ಹೇಳಿ ಬಂದೆ. "ಗೊತ್ತು ಗೊತ್ತು, ಮದುಮಗಳು ಬರೋ ತನಕ ಇಲ್ಲ," ಎಂದು ನನ್ನ ಬಾಯಿಗೇ ಆಲೂಗಡ್ಡೆ ತುರುಕಿದರು.

ಮೊದಲು ಮೆಟ್ಟಿಲು ಹತ್ತಿ ಬಂದವಳು ಇದೈರಾ. ಏದುಸಿರು ಬಿಡುತ್ತಿದ್ದಳು.

"ಚಾನೊ! ಏನು ಹೊಡೆದೆ?"

"ಟೋಪಿ."

"ಬಿಡಿಸಿ ಹೊಡೆದೆಯಾ?"

"ಇಲ್ಲ."

ಅವಳು ಗೋಡೆಗೆ ಒರಗಿದಳು. ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು, ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು. "ಒಂದು ಟೋಪಿಯಲ್ಲಿ ಇಡೀ ಕಣಿವೆಗೇ ಟೋಪಿ ಹಾಕಿಬಿಟ್ಟೆಯಲ್ಲೋ! ಬಸ್ಸಿನಲ್ಲಿ ಡ್ರೈವರು ಅಮ್ಮನಿಗೆ ಮುಂದಿನ ಸೀಟು ಬಿಡಿಸಿ, ಹಾರನ್ ಹೊಡ್ಕೊಂಡು ಬಂದ. ಹೆಂಗಸರೆಲ್ಲ ಕೆನ್ನೆಗೆ ಮುತ್ತು ಕೊಟ್ಟೂ ಕೊಟ್ಟೂ ಹೊಸ ಕನ್ನಡಕ ಮಂಜಾಗಿ ಹೋಯ್ತು. ಅಮ್ಮ ಒಂದು ಮಾತೂ ಆಡಿಲ್ಲ. ಒಂದೂ! ಅದಕ್ಕೇ ನನಗೆ ಭಯ."

ಹಿಂದೆಯೇ ಅತ್ತೆ ಬಂದರು. ಅಂಗಳ ಚಪ್ಪಾಳೆ ತಟ್ಟಿತು. ಮಂಜು ಕನ್ನಡಕದ ಹಿಂದಿನಿಂದ ಎಲ್ಲರನ್ನೂ ನೋಡಿ, ಕೊನೆಗೆ ನನ್ನ ಹತ್ತಿರ ನಿಂತರು.

"ಏನಪ್ಪಾ ಅಳಿಯ, ನನ್ನ ಮದುವೆಯಂತೆ?"

"ಅತ್ತೆ, ಅದು..."

"ಊರಿಗೆಲ್ಲ ಹೇಳಿದೀಯ. ನನಗೂ ಒಂದು ಮಾತು ಹೇಳಬಹುದಿತ್ತು. ಬೇರೆ ಲಂಗ ಉಟ್ಟು ಬರ್ತಿದ್ದೆ," ಎಂದು ತಮ್ಮ ಹಳೆಯ ಲಂಗವನ್ನು ಕೊಡವಿ, ಒಳಗೆ ಹೋಗಿ, ನಮ್ಮಿಬ್ಬರನ್ನೂ ಕರೆದು ಅಡುಗೆಮನೆಯ ಬಾಗಿಲು ಹಾಕಿದರು. ಬೈಗುಳಕ್ಕೆ ತಲೆಬಗ್ಗಿಸಿ ನಿಂತೆ. ಬೈಗುಳ ಬರಲಿಲ್ಲ. ಅತ್ತೆ ಕುರ್ಚಿಯಲ್ಲಿ ಕುಸಿದರು.

"ಅವನು ಬಂದಿದಾನಾ?"

"ಇಲ್ಲಮ್ಮ," ಎಂದಳು ಇದೈರಾ. "ಆಡುಗಳು ತಾವೇ ಕೊಟ್ಟಿಗೆಗೆ ಇಳೀತಿದ್ವು. ಅವರು ಕಾಣಲಿಲ್ಲ. ಅವರ ಮನೆ ಬಾಗಿಲು ಮುಚ್ಚಿದೆ."

"ಬರಲ್ಲ ಬಿಡು. ಇನ್ನು ಯಾವತ್ತೂ ಬರಲ್ಲ." ಕನ್ನಡಕ ತೆಗೆದು ಲಂಗದ ಅಂಚಿನಲ್ಲಿ ಒರೆಸತೊಡಗಿದರು. "ಆ ಮನುಷ್ಯನ ನಾಚಿಕೆ ನಿಮಗೆ ಗೊತ್ತಿಲ್ಲ. ಎರಡನೇ ಲೋಟ ಕಾಫಿ ಕೇಳೋಕೆ ಅವನಿಗೆ ಎಷ್ಟು ವರ್ಷ ಬೇಕಾಯ್ತು ಗೊತ್ತಾ? ಈಗ ಊರೆಲ್ಲ ನಕ್ಕಿದೆ. ಇನ್ನು ಈ ಮೆಟ್ಟಿಲು ಹತ್ತುತ್ತಾನಾ? ಬೆಳಿಗ್ಗೆ ಎದ್ದು ನಾನು ಯಾರ ಜೊತೆ ಜಗಳ ಆಡಲಿ? ನಿನ್ನ ಜೊತೆನಾ, ಅಳಿಯ? ನಿನಗೆ ಮೋಡದ ತಲೆ ಯಾವುದು, ಬಾಲ ಯಾವುದು ಅಂತ ಗೊತ್ತಿಲ್ಲ."

ಹೊರಗೆ ಡೋಲು ಬಡಿಯುತ್ತಿತ್ತು. ನಗುವ ವಿಷಯ ಅಲ್ಲಿಗೆ ಮುಗಿದುಹೋಗಿತ್ತು. ಅಂಗಳದ ಬೆಂಚಿನ ಒಂದು ತುದಿ ಖಾಲಿಯಾಗುವುದನ್ನು ನಾನು ಮನಸ್ಸಿನಲ್ಲೇ ಕಂಡೆ.

"ಹೋಗಿ ಹೇಳ್ತೀನಿ ಅತ್ತೆ. ತಪ್ಪು ನನ್ನದು ಅಂತ ಹೇಳ್ತೀನಿ."

ಅತ್ತೆ ಎದ್ದು, ಬೆಂಚಿನ ಮೇಲಿದ್ದ ಟೋಪಿ ತರಿಸಿ, ಧೂಳು ತಟ್ಟಿ, ತಾವೇ ನನ್ನ ಕೈಗಿಟ್ಟರು. "ನಡ್ಕೊಂಡು ಹೋಗು. ಇದನ್ನ ಅವನ ಕೈಗೆ ಕೊಡು. ಬಾಯಿ ಬಿಟ್ಟು ಮಾತಾಡು. ಅಪ್ಪಿತಪ್ಪಿ ಬೆರಳು ಬಾಯಿಗೆ ಇಡಬೇಡ."

ಕಣಿವೆ ಇಳಿದು, ಹಳ್ಳ ದಾಟಿ, ಆಚೆ ದಂಡೆ ಹತ್ತಿದೆ. ಬಾಗಿಲು ತಟ್ಟಿದೆ. ಒಳಗಿನಿಂದ, "ತೆಗೆದೇ ಇದೆ" ಎಂಬ ಉತ್ತರ ಬಂತು.

ಚೋ ಸೆರ್ವಾಂದೊ ಮಂಚದ ತುದಿಯಲ್ಲಿ ಕೂತಿದ್ದರು. ಸಾವಿನ ಮನೆಗಳಿಗೆ ಹೋಗುವಾಗ ಹಾಕುವ ಕಪ್ಪು ಸೂಟು. ಗಡ್ಡ ಬೋಳಿಸಿಕೊಂಡಿದ್ದರು, ಗದ್ದದಲ್ಲಿ ಎರಡು ಕಡೆ ಗಾಯ. ಬಿಸಿಲಿಗೆ ಬೋಡುತಲೆ ಕೆಂಪಗಾಗಿತ್ತು. ಒಂದು ಕಾಲಿಗೆ ಬೂಟು ಹಾಕಿದ್ದರು. ಇನ್ನೊಂದು ಬೂಟು ಕೈಯಲ್ಲಿತ್ತು.

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಭಾಷಣ ಮರೆತುಹೋಯಿತು. "ಚೋ ಸೆರ್ವಾಂದೊ, ಅದು ಮದುವೆ ಅಲ್ಲ. ನಾನು ಹೊಡೆದದ್ದು..."

"ಟೋಪಿ," ಎಂದರು ಅವರು.

"ಗೊತ್ತಿತ್ತಾ?"

"ತಲೆ ಸುಡ್ತಿತ್ತು ಮಗಾ. ಗೊತ್ತಾಗದೆ ಏನು? ಮೊದಲನೇ ಸಿಳ್ಳೆಗೇ ಗೊತ್ತಾಯ್ತು."

"ಮತ್ತೆ 'ಯಾರದು' ಅಂತ ಕೇಳಿದಿರಿ?"

ಅವರು ಕೈಯಲ್ಲಿದ್ದ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇನ್ನೊಂದು ಸಲ ಕೇಳೋಣ ಅನ್ನಿಸ್ತು. ನನ್ನ ಹೆಸರು, ಅವಳ ಹೆಸರು, ಆ ಮಾತು. ಮೂರೂ ಒಟ್ಟಿಗೆ ಕಣಿವೆಯಲ್ಲಿ ಯಾವತ್ತೂ ಕೇಳಿರಲಿಲ್ಲ. ಚೆನ್ನಾಗಿತ್ತು. ನಿನ್ನ ಸಿಳ್ಳೆ ಮಾತ್ರ ಚೆನ್ನಾಗಿರಲಿಲ್ಲ."

"ಹಾಗಾದ್ರೆ ಯಾವಾಗ ಅಂತ ಯಾಕೆ..."

"ಅದು ದುರಾಸೆ."

ಹೊರಗೆ ಒಂದು ಆಡು ಕೆಮ್ಮಿತು.

"ಸೂಟು ಹಾಕಿಕೊಂಡೆ. ಈ ಬೂಟು ಹಾಕುವಾಗ ಬುದ್ಧಿ ಬಂತು. ಮುದುಕ ಟೋಪಿ ತಗೊಳ್ಳೋಕೆ ಸೂಟು ಹಾಕ್ಕೊಂಡು ಹೋದ ಅಂತ ಊರು ನಗುತ್ತೆ. ನಗಲಿ. ಅವಳನ್ನ ನೋಡಿ ನಕ್ಕರೆ? ನಾನು ಬರಲ್ಲಪ್ಪ. ನಾಳೆಯಿಂದ ಕಾಫಿನೂ ಇಲ್ಲೇ ಕಾಯಿಸ್ಕೋತೀನಿ ಅಂತ ಹೇಳು."

"ಇರಿ, ನಾನು ಇಲ್ಲಿಂದಲೇ ಒಂದು ಸಿಳ್ಳೆ ಹೊಡೆದು ಎಲ್ಲಾ ಸರಿ..."

"ಬೇಡ!" ಅವರು ಮಂಚದಿಂದ ಹಾರಿ ನನ್ನ ಎರಡೂ ಕೈ ಹಿಡಿದುಕೊಂಡರು. "ನಿನ್ನ ದಮ್ಮಯ್ಯ, ಬೇಡ!"

ಹಾಗೆ ಕೈ ಕೈ ಹಿಡಿದು ನಿಂತಿದ್ದಾಗಲೇ ಅದು ಕೇಳಿಸಿತು. ನಮ್ಮ ದಂಡೆಯ ಡೋಲು ಒಮ್ಮೆಲೇ ನಿಂತಿತು. ಆಮೇಲೆ ಒಂದು ಸಿಳ್ಳೆ. ಎವೆಲಿಯೊದಲ್ಲ, ಇದೈರಾಳದೂ ಅಲ್ಲ. ಸ್ವಲ್ಪ ತುಕ್ಕು ಹಿಡಿದಂತೆ ಶುರುವಾಗಿ, ಎರಡನೇ ಉಸಿರಿಗೆ ಕತ್ತಿಯಂತೆ ಹರಿತವಾಯಿತು. ಚೋ ಸೆರ್ವಾಂದೊ ಬಾಗಿಲಿಗೆ ಬಂದರು. ಮಾವ ಹೋದ ಮೇಲೆ ಅತ್ತೆ ಸಿಳ್ಳೆ ಹೊಡೆದದ್ದನ್ನು ಕಣಿವೆ ಕೇಳಿರಲಿಲ್ಲ.

ಬಿಡಿಸಿ ಹೇಳುವ ನಾಲ್ಕು ಮಾತು ಅದರಲ್ಲಿರಲಿಲ್ಲ. ಬೆಳಿಗ್ಗೆ ನಾನು ಹೊಡೆದ ವಾಕ್ಯವೇ ಅದು, ಅದೇ ಏರು, ಅದೇ ಇಳಿತ. ನನ್ನಂಥವನಿಗೂ ಅರ್ಥವಾಯಿತು. ಹೆಸರಿನ ಜಾಗದಲ್ಲಿ 'ನನ್ನ', 'ಬನ್ನಿ'ಯ ಜಾಗದಲ್ಲಿ 'ಬಾ', ಅಷ್ಟೇ ಬದಲು.

"ಸೆರ್ವಾಂದೊ! ಟೋಪಿ ನನ್ನ ಮನೇಲಿದೆ! ಬಾ!"

ಚೋ ಸೆರ್ವಾಂದೊ ನಮ್ಮ ಮನೆಯ ಕಡೆ ನೋಡಿದರು. ಆಮೇಲೆ ನಿಧಾನವಾಗಿ ನನ್ನ ಕೈ ನೋಡಿದರು. ಟೋಪಿ ನನ್ನ ಕೈಯಲ್ಲಿತ್ತು.

"ಇದನ್ನ ಕೊಟ್ಟು ಕಳಿಸಿದ್ದು ಯಾರು?"

"ಅತ್ತೆನೇ. ಅವರೇ ಕೈಗಿಟ್ಟರು."

"ಅವಳಿಗೆ ಗೊತ್ತು, ಟೋಪಿ ಅಲ್ಲಿಲ್ಲ ಅಂತ."

"ಗೊತ್ತು."

"ಹಾಗಾದ್ರೆ ಅಲ್ಲಿ ಇರೋದು..."

ನಾನು ವಾಕ್ಯ ಮುಗಿಸಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. ನನ್ನ ಬಾಯಿಂದ ಬಂದರೆ ಅದು ಇನ್ನೇನಾಗುತ್ತದೋ ಎಂಬ ಭಯವಿರಬೇಕು. ಮಂಚದ ತುದಿಯಲ್ಲಿ ಕೂತು ಇನ್ನೊಂದು ಬೂಟನ್ನೂ ಹಾಕಿಕೊಂಡರು. ದಾರ ಎರಡು ಸಲ ತಪ್ಪು ತೂತಿಗೆ ಹೋಯಿತು. ನಾನು ಬಗ್ಗಿ ಕಟ್ಟಿಕೊಟ್ಟೆ.

ಅಂಗಳಕ್ಕೆ ಬಂದಾಗ ಚಪ್ಪಾಳೆ ಎದ್ದಿತು. ಅತ್ತೆ ಬೆಂಚಿನ ತಮ್ಮ ತುದಿಯಲ್ಲಿ ಕೂತಿದ್ದರು. ಕನ್ನಡಕ ಈಗ ಶುಭ್ರವಾಗಿತ್ತು. ಸೂಟನ್ನು ಮೇಲಿನಿಂದ ಕೆಳಗೆ ನೋಡಿದರು.

"ಯಾರಾದರೂ ಸತ್ತಿದಾರಾ?"

"ಇಲ್ಲ."

"ಗದ್ದಕ್ಕೇನಾಯ್ತು?"

"ಅವಸರ."

"ಇಷ್ಟು ವರ್ಷ ಆದ ಮೇಲೆ ಅವಸರ! ಕೂತ್ಕೋ. ಮಳೆ ಬರೋ ಹಾಗಿದೆ."

"ಬರಲ್ಲ," ಎಂದರು ಚೋ ಸೆರ್ವಾಂದೊ. ಡೋಲು ಮತ್ತೆ ಶುರುವಾಯಿತು.

ಪಾದ್ರಿಗಳು ಬಂದಿರಲಿಲ್ಲವಾದ್ದರಿಂದ ಆ ಸಂಜೆ ಮದುವೆ ಆಗಲಿಲ್ಲ. ಊಟ ಮಾತ್ರ ಆಯಿತು. ಬರುವ ತಿಂಗಳು, ಮೇಲಿನ ಊರಿನ ಚರ್ಚಿನಲ್ಲಿ ಮದುವೆ. ಕಣಿವೆಗೆ ಸುದ್ದಿ ತಿಳಿಸುವ ಕೆಲಸವನ್ನು ಅತ್ತೆ ಎವೆಲಿಯೊಗೆ ವಹಿಸಿದ್ದಾರೆ. ಆಲೂಗಡ್ಡೆ ಬೇಯಿಸುವ ಕೆಲಸ ನನಗೆ. ಬೆಂದಿದೆ ಎಂದು ಸಿಳ್ಳೆ ಹೊಡೆದು ತಿಳಿಸಲು ಇದೈರಾ ಪಕ್ಕದಲ್ಲೇ ನಿಂತಿರುತ್ತಾಳೆ.